ಬಾಚಣಿಗೆಯಜ್ಜಿಯ ಎಡಗೆನ್ನೆ

ಮಾರ್ಚ್ ೯

ಅಕ್ಕಾ,

ಹಿಂದೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಓದದೆಯೇ ಒಲೆಗೆ ಹಾಕಿದೆಯೋ, ಅಂಚೆಯವನು ದಾರಿಯಲ್ಲಿ ಬೀಳಿಸಿಕೊಂಡನೋ, ಸ್ಟಾಂಪು ಸಾಲದೆ ಹೋಯಿತೋ ತಿಳಿಯದು. ಈ ಸಲ ಸ್ಟಾಂಪು ಒಂದು ಹೆಚ್ಚಿಗೆ ಅಂಟಿಸಿದ್ದೇನೆ. ಹೆಚ್ಚಿಗೆ ಅಂಟಿಸಿದರೆ ಅದೂ ತಪ್ಪಾಗುತ್ತದೋ ಏನೋ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ. ನೀನು ಐದಕ್ಕೆ ಬಿಟ್ಟವಳು. ಆ ಒಂದು ಕ್ಲಾಸಿನ ಜಂಬ ನಿನಗೆ ಇನ್ನೂ ಇಳಿದಿಲ್ಲ.

ನಿನ್ನ ಕೋಪ ಸತ್ತವರ ಮುಖ ತಿದ್ದುವ ನನ್ನ ಮೇಣದ ಡಬ್ಬಿಯ ಮೇಲೆ ಎಂದು ಗೊತ್ತು. ‘ತೊಳಿ, ತಲೆ ಬಾಚು, ಕಣ್ಣು ಮುಚ್ಚು, ದವಡೆ ಕಟ್ಟು, ಒಗೆದ ಬಟ್ಟೆ ಹಾಕು. ಅಷ್ಟೇ ನಮ್ಮ ಕೆಲಸ. ಸತ್ತವರಿಗೆ ವೇಷ ಕಟ್ಟೋಕೆ ನಾವೇನು ನಾಟಕದವರಾ?’ ಎಂದು ನೀನು ಅಂದಿದ್ದೆ. ಜನ ಕೇಳಿದರೆ ಬಣ್ಣ ಹಚ್ಚಿದರೆ ತಪ್ಪೇನು ಎಂದು ನಾನು ಅಂದೆ. ಮಾತಿಗೆ ಮಾತು ಬೆಳೆದು ನೀನು ಈಗಿರುವ ಊರಿನ ಆಸ್ಪತ್ರೆಗೆ ಹೋಗಿ ಹುಟ್ಟಿದ ಕೂಸುಗಳನ್ನು ತೊಳೆಯಲು ಸೇರಿದೆ. ನಾನು ಇಲ್ಲೇ, ಚರ್ಚಿನ ಹಿಂದಿನ ಕೋಣೆಯಲ್ಲಿ, ಹೋದವರನ್ನು ತೊಳೆಯುತ್ತ ಉಳಿದೆ. ಈಗ ಜಗಳಕ್ಕೆ ಬರೆಯುತ್ತಿಲ್ಲ. ಒಂದು ಕೆಲಸ ತುಂಬ ಚೆನ್ನಾಗಿ ಆಯಿತು. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಗೋಡೆ ಬಿಟ್ಟರೆ ಯಾರಿಲ್ಲ.

ವರ್ಷಗಳ ಹಿಂದೆ, ನೀನು ಹೋದ ಹೊಸದರಲ್ಲೇ, ಚರ್ಚಿನ ಪಕ್ಕದ ಮಕ್ಕಳ ಮನೆಗೆ ಒಬ್ಬ ಮುದುಕಿ ಕೆಲಸಕ್ಕೆ ಬಂದಿದ್ದಳು. ತಂದೆತಾಯಿ ಇಲ್ಲದ ಆ ಮಕ್ಕಳಿಗೆ ಸ್ನಾನ ಮಾಡಿಸುವುದು, ಹೇನು ತೆಗೆಯುವುದು, ತಲೆ ಬಾಚುವುದು ಅವಳ ಕೆಲಸ. ಎಲ್ಲರ ಬಾಯಲ್ಲಿ ಬಾಚಣಿಗೆಯಜ್ಜಿ. ಯಾವ ಕಾಲದಲ್ಲೋ ಬೆಂಕಿಗೆ ಸಿಕ್ಕಿದ್ದ ಮುಖ. ಎಡಗೆನ್ನೆ ಕಣ್ಣಿನಿಂದ ದವಡೆಯವರೆಗೂ ಸುಟ್ಟು ಮುದುಡಿಕೊಂಡಿತ್ತು. ಆ ಕಡೆಯ ಕಣ್ಣು ನಿದ್ದೆಯಲ್ಲೂ ಮುಚ್ಚುತ್ತಿರಲಿಲ್ಲವಂತೆ. ಆರಾಧನೆಗೆ ಬಂದರೆ ಹಿಂದಿನ ಕಂಬದ ಮರೆಗೆ ಕೂರುವಳು. ಜನ ಆ ಕಂಬಕ್ಕೇ ನಮಸ್ಕಾರ ಹೇಳಿ ಮುಂದೆ ಹೋಗುವರು. ನಾನೂ ಹಾಗೆಯೇ. ನೋಡಿದರೆ ಅವಳಿಗೆ ಬೇಜಾರಾಗುತ್ತದೋ ಏನೋ ಎಂದು.

ಹೋದ ವಾರ ಜ್ವರ ಬಂದು ತೀರಿಕೊಂಡಳು. ಅದೇ ಹೊತ್ತಿಗೆ ಬಿಷಪ್ಪರು ಊರಿಗೆ ಬಂದಿದ್ದರು. ಸಂಸ್ಕಾರದ ಆರಾಧನೆಗೆ ತಾವೂ ನಿಲ್ಲುತ್ತೇವೆ ಎಂದರಂತೆ. ಪಾದ್ರಿಯವರ ಹೆಂಡತಿ ನನ್ನ ಕೋಣೆಯ ಬಾಗಿಲವರೆಗೆ ಬಂದರು, ಒಳಗೆ ಬರಲಿಲ್ಲ.

“ಮುಖಕ್ಕೆ ಏನಾದ್ರೂ ಮಾಡೋಕಾಗುತ್ತಾ?” ಎಂದರು. “ಪೆಟ್ಟಿಗೆ ಮುಚ್ಚಿಬಿಡೋಣ ಅಂದ್ರೆ, ಮಕ್ಕಳು ಕೊನೇ ಸಲ ನೋಡಬೇಕಲ್ಲ. ತೆರೆದೇ ಇಡೋಣ ಅಂದ್ರೆ, ಬಿಷಪ್ಪರು ಇರ್ತಾರೆ.”

“ನೋಡ್ತೀನಮ್ಮಾ” ಎಂದೆ.

ನಾನು ಒಪ್ಪಿದ್ದು ಬಿಷಪ್ಪರಿಗಾಗಿ ಅಲ್ಲ ಅಕ್ಕಾ, ಇದನ್ನು ನೀನು ನಂಬಬೇಕು. ಅವಳನ್ನು ಕಲ್ಲಿನ ಮೇಲೆ ಮಲಗಿಸಿ ತೊಳೆಯುವಾಗ ನನಗೆ ಅನಿಸಿತು, ಬದುಕಿರುವ ತನಕ ಯಾರೂ ಸರಿಯಾಗಿ ನೋಡದ ಮುಖ ಇದು, ಇವತ್ತು ಒಂದು ದಿನವಾದರೂ ನಾಲ್ಕು ಜನ ಮುಖ ತಿರುಗಿಸದೆ ನೋಡಲಿ ಎಂದು. ಮೇಣವನ್ನು ಅಂಗೈಯಲ್ಲಿ ನಾದಿ ನಾದಿ ಗುಂಡಿ ಬಿದ್ದ ಕಡೆಯೆಲ್ಲ ತುಂಬಿದೆ. ಬಲಗೆನ್ನೆಯನ್ನು ನೋಡುತ್ತ ಎಡಗೆನ್ನೆಯನ್ನು ಕಟ್ಟಿದೆ. ಕಣ್ಣಿಗೆ ಹತ್ತಿ ಇಟ್ಟು ಮೇಣದಲ್ಲೇ ರೆಪ್ಪೆ ಮಾಡಿ ಮುಚ್ಚಿದೆ. ಪೌಡರ್ ಹಾಕಿ ಹಿಂದೆ ಸರಿದು ನೋಡಿದರೆ ಎಷ್ಟು ಲಕ್ಷಣವಾದ ಹೆಂಗಸು. ನನಗೇ ಅಳು ಬಂತು.

ಎಲ್ಲರೂ ಹೊಗಳಿದರು. ಗುಂಡಿ ತೋಡುವವನಿದ್ದಾನಲ್ಲ, ಗುಂಡಿಯಣ್ಣ, ಅವನು ಕೂಡ “ನಾನು ಸತ್ತಾಗ ನನಗೂ ಹೀಗೇ ಮಾಡಮ್ಮಾ, ಹೆಣ್ಣು ನೋಡೋಕೆ ಹೋಗೋಣ” ಅಂದ. ಪಾದ್ರಿಯವರು ಪ್ರಸಂಗದಲ್ಲಿ, ದೇವರ ಲೆಕ್ಕಕ್ಕೆ ಬರುವುದು ಒಳಗಿನ ಮನುಷ್ಯನೇ ಹೊರತು ಮೇಲಿನ ತೊಗಲಲ್ಲ, ಈ ತಾಯಿಯ ಒಳಗು ಬೆಳಕಿನಂತಿತ್ತು ಎಂದು ತುಂಬ ಚೆನ್ನಾಗಿ ಹೇಳಿದರು. ಜನ ಪೆಟ್ಟಿಗೆಯೊಳಗಿನ ನನ್ನ ಪೌಡರನ್ನು ನೋಡುತ್ತ ತಲೆ ಆಡಿಸಿದರು.

ಕೊನೆಗೆ ಮಕ್ಕಳು ಸಾಲಾಗಿ ಬಂದವು. ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಬಟಾಣಿ ಎಂದು ಕರೆಯುತ್ತಾರೆ, ಅಷ್ಟು ಪುಟ್ಟದು, ಅಷ್ಟು ಉರುಟು. ಅದು ಪೆಟ್ಟಿಗೆಯ ಅಂಚು ಹಿಡಿದು, ಕಾಲ್ಬೆರಳ ಮೇಲೆ ನಿಂತು ನೋಡಿತು. ಆಮೇಲೆ ಪಕ್ಕದವಳನ್ನು ಕೇಳಿತು: “ಇದು ಯಾರ ಅಜ್ಜಿ?”

ಹುಡುಗಾಟದ ಮಾತು. ಆದರೂ ಅದು ಕಿವಿಯಲ್ಲಿ ಕೂತುಬಿಟ್ಟಿದೆ, ಅದಕ್ಕೇ ಬರೆದೆ.

ನಿನ್ನ ತಂಗಿ


ಮಾರ್ಚ್ ೨೬

ಅಕ್ಕಾ,

ಉತ್ತರ ಬರೆಯುವ ಮನಸ್ಸಿಲ್ಲದಿದ್ದರೆ ಬೇಡ, ಖಾಲಿ ಕಾಗದವನ್ನಾದರೂ ಮಡಿಚಿ ಕಳಿಸು. ಬದುಕಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ. ಪೋಸ್ಟಿನವನ ಸೈಕಲ್ಲು ನಮ್ಮ ಬೀದಿಗೆ ತಿರುಗದಿದ್ದರೆ ಅವನಿಗೆ ಬಯ್ಯುತ್ತೇನೆ, ತಿರುಗಿದರೆ ಬಾಗಿಲ ಮರೆಗೆ ಹೋಗಿ ನಿಲ್ಲುತ್ತೇನೆ.

ಬಟಾಣಿ ಆ ಮಾತನ್ನು ಹುಡುಗಾಟಕ್ಕೆ ಆಡಿರಲಿಲ್ಲ. ಅಜ್ಜಿ ಸತ್ತಿದ್ದಾಳೆ ಎಂದರೆ ಅದು ಒಪ್ಪುತ್ತಿಲ್ಲ. ದೊಡ್ಡ ಮಕ್ಕಳು ಒಂದೆರಡು ದಿನ ಅತ್ತು ಸುಮ್ಮನಾದವು. ಇದು ಅಳಲೇ ಇಲ್ಲ. ಸಂಜೆಯಾದರೆ ಮಕ್ಕಳ ಮನೆಯ ಹಿಂಬಾಗಿಲ ಚಿಲಕ ತೆಗೆದು ಮೆಟ್ಟಿಲ ಮೇಲೆ ಕೂರುತ್ತದೆ. ಊಟಕ್ಕೆ ಕರೆದರೆ “ಅಜ್ಜಿ ಬರಲಿ” ಅನ್ನುತ್ತದೆ. ಅಲ್ಲಿನ ವಾರ್ಡನಮ್ಮ ನನಗೆ ಹೇಳಿದರು. ಕೆಟ್ಟವರಲ್ಲ ಅವರು, ದಣಿದವರು.

ಪಾದ್ರಿಯವರು ಅದನ್ನು ಎತ್ತಿಕೊಂಡು ಸಮಾಧಿಯ ಹತ್ತಿರ ಹೋದರಂತೆ. “ನೋಡು ಪುಟ್ಟಾ, ಅಜ್ಜಿ ಇಲ್ಲಿ ಮಲಗಿದ್ದಾಳೆ” ಎಂದರಂತೆ.

“ಇಲ್ಲಿರೋದು ಬೇರೆ ಅಜ್ಜಿ.”

“ಅಲ್ಲಮ್ಮಾ, ನಿಮ್ಮಜ್ಜೀನೇ.”

“ನಮ್ಮಜ್ಜಿ ಈ ಕಣ್ಣು ಮುಚ್ಚಲ್ಲ. ನಾವು ಮಲಗಿದ ಮೇಲೆ ಇದರಲ್ಲೇ ನಮ್ಮನ್ನ ನೋಡ್ಕೋತಾಳೆ. ಇವರು ಎರಡೂ ಮುಚ್ಚಿದ್ರು.”

ಪಾದ್ರಿಯವರು ಸಂಸ್ಕಾರದ ದಿನದ ಫೋಟೋ ತೋರಿಸಿದರೆ ಅದು ಬೆರಳಿಟ್ಟು, “ಹೂಂ, ಇವರೇ ಆ ಬೇರೆ ಅಜ್ಜಿ. ಪಾಪ, ಇವರ ಮಕ್ಕಳು ಎಲ್ಲಿ?” ಎಂದು ಕೇಳಿತಂತೆ.

ನಾನು ಹೋಗಿ ಹೇಳಿದೆ ಅಕ್ಕಾ. ಮೆಟ್ಟಿಲ ಮೇಲೆ ಅದರ ಪಕ್ಕದಲ್ಲೇ ಕೂತು, ಅದು ನಿಮ್ಮಜ್ಜೀನೇ ಕಣಮ್ಮಾ, ನಾನೇ ಅವಳ ಮುಖಕ್ಕೆ ಮೇಣ ಹಚ್ಚಿದೆ ಎಂದೆ. ಅದು ನನ್ನನ್ನು ನೋಡಿದ ರೀತಿ ಹೇಗೆ ಬರೆಯಲಿ. ದೊಡ್ಡವರು ಸುಳ್ಳು ಹೇಳಿದಾಗ ಮಕ್ಕಳು ಮರ್ಯಾದೆಗೆ ಸುಮ್ಮನಿರುತ್ತವಲ್ಲ, ಹಾಗೆ.

ಈಗ ಇನ್ನೆರಡು ಸಣ್ಣವೂ ಅದರ ಜೊತೆ ಕೂರುತ್ತವಂತೆ. ಹಿತ್ತಲ ಕಡೆ ಅಜ್ಜಿಯ ಚಪ್ಪಲಿ ಸದ್ದು ಕೇಳಿಸಿತು ಅನ್ನುತ್ತವಂತೆ. ವಾರ್ಡನಮ್ಮ ನಗುತ್ತ ಹೇಳಿದರು. ಹೇಳುವಾಗ ಹಿಂಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು.

ನನಗೂ ಒಂದು ಆಗುತ್ತಿದೆ. ನಗಬೇಡ. ಆ ದಿನ ನಾನು ಮಾಡಿದ ಮುಖ ಇದೆಯಲ್ಲ, ಎರಡೂ ಕೆನ್ನೆ ಸಮವಾಗಿರುವ ಆ ಹೆಂಗಸು, ಅವಳು ನನಗೆ ಕಾಣಿಸುತ್ತಾಳೆ. ಮೊನ್ನೆ ಬ್ರೆಡ್ಡಿನ ಅಂಗಡಿಯ ಗಾಜಿನ ಆಚೆ ನಿಂತಿದ್ದಳು. ನಿನ್ನೆ ಬಸ್ಸಿನಲ್ಲಿ ಮುಂದಿನ ಸೀಟು. ತಿರುಗಿದರೆ ಬೇರೆ ಯಾರೋ. ಅಜ್ಜಿ ಬಂದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ, ಅವಳಿಗೊಂದು ಬದುಕಿತ್ತು, ಸಮಾಧಿಯಿದೆ. ಇವಳಿಗೆ ಏನಿದೆ? ಎಲ್ಲೂ ಹುಟ್ಟದ, ಯಾರಿಗೂ ತಲೆ ಬಾಚದ ಮುಖ. ನಾನು ಮಾಡಿ ಮಣ್ಣಿಗೆ ಕಳಿಸಿದೆ. ಅದು ಎಲ್ಲಿಗೆ ಹೋಗಬೇಕು?

ಇನ್ನೊಂದು ಚಿಂತೆ. ಲೋಕದ ಕೊನೆಯ ದಿನ ದೇವರು ಸತ್ತವರನ್ನೆಲ್ಲ ಹೆಸರು ಹಿಡಿದು ಕರೆದು ಎಬ್ಬಿಸುತ್ತಾನಲ್ಲ. ಆಗ ಅಜ್ಜಿ ಆ ಮೇಣದ ಮುಖದಲ್ಲೇ ಎದ್ದು ನಿಂತರೆ, ಕರೆದವನಿಗೂ ಗುರುತು ಸಿಗದೆ ಹೋದರೆ? ಪಾದ್ರಿಯವರನ್ನು ಕೇಳಲು ನಾಚಿಕೆ. ನಿನಗೆ ಗೊತ್ತಿದ್ದರೆ ಬರೆ.

ನಿದ್ದೆ ಕಡಿಮೆಯಾದ
ನಿನ್ನ ತಂಗಿ


ಏಪ್ರಿಲ್ ೪

ತಂಗೀ,

ಬದುಕಿದ್ದೇನೆ. ಹೆರಿಗೆ ಕೋಣೆಯಲ್ಲಿ ಕಾಗದ ಬರೆಯುವಷ್ಟು ಪುರುಸೊತ್ತು ಸಿಗುವುದಿಲ್ಲ, ಕೂಸುಗಳು ನಿನ್ನ ಗಿರಾಕಿಗಳ ಹಾಗೆ ಸುಮ್ಮನೆ ಮಲಗಿರುವುದಿಲ್ಲ. ಹಿಂದಿನ ಕಾಗದಗಳನ್ನೂ ಓದಿದ್ದೇನೆ. ಒಲೆಗೆ ಹಾಕಿಲ್ಲ.

ದೇವರಿಗೆ ನಿನ್ನ ಪೌಡರ್ ಡಬ್ಬಿ ಅಡ್ಡ ಬರುತ್ತದೆ ಎಂದುಕೊಂಡಿದ್ದೀಯಲ್ಲ, ಎಷ್ಟು ದೊಡ್ಡ ಕಸುಬುಗಾರ್ತಿ ನೀನು. ಆ ಚಿಂತೆ ಬಿಡು. ಅವನಿಗೆ ಗುರುತು ಸಿಗುತ್ತದೆ. ಸಿಗದೆ ಇರುವುದು ಆ ಮಗುವಿಗೆ. ಅದರ ಚಿಂತೆ ಮಾಡು.

ಇಲ್ಲಿ ಕೂಸುಗಳು ಮೈತುಂಬ ಲೋಳೆ ಮೆತ್ತಿಕೊಂಡು ಬರುತ್ತವೆ. ತೊಳೆದು ತಾಯಿಯ ಕೈಗೆ ಕೊಡುತ್ತೇನೆ. ಕೆಲವಕ್ಕೆ ತುಟಿ ಸೀಳಿರುತ್ತದೆ, ಕೆಲವಕ್ಕೆ ಮುಖದ ಅರ್ಧ ಕೆಂಪು ಮಚ್ಚೆ. ತಾಯಂದಿರು ಒಂದು ಗಳಿಗೆ ನೋಡುತ್ತಾರೆ, ಆಮೇಲೆ ಎದೆಗೆ ಹಚ್ಚಿಕೊಳ್ಳುತ್ತಾರೆ. ತೊಳೆಯುವುದು ಬೇರೆ, ಬಳಿಯುವುದು ಬೇರೆ. ಯೇಸು ಶಿಷ್ಯರ ಕಾಲು ತೊಳೆದ, ಬಣ್ಣ ಹಚ್ಚಲಿಲ್ಲ.

ಬಯ್ಯಲು ಬರೆದದ್ದಲ್ಲ. ಬಯ್ದಂತೆ ಕೇಳಿಸಿದರೆ ಐದನೇ ಕ್ಲಾಸಿನ ಜಂಬ ಎಂದುಕೋ.

ಅಕ್ಕ


ಏಪ್ರಿಲ್ ೨೨

ಅಕ್ಕಾ,

ನಿನ್ನ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಬಯ್ಗುಳವೇ ಆದರೂ ನಿನ್ನ ಕೈಯದ್ದು.

ಇಲ್ಲಿ ಕೆಟ್ಟು ಹೋಗುತ್ತಿದೆ. ಬಟಾಣಿ ತಲೆ ಮುಟ್ಟಲು ಯಾರಿಗೂ ಬಿಡುತ್ತಿಲ್ಲ. ಅಜ್ಜಿ ಬಂದು ಬಾಚುತ್ತಾಳೆ ಅನ್ನುತ್ತದೆ. ಕೂದಲು ಹೆಣೆದುಕೊಂಡು ಚಾಪೆಯ ಹಾಗಾಗಿದೆ, ಹೇನು ಕೆನ್ನೆಯ ಮೇಲೆ ಹರಿದಾಡುತ್ತವೆ. ಅನ್ನ ತಿನ್ನುವುದು ಕೋಳಿ ಕುಕ್ಕಿದ ಹಾಗೆ. ಬಟಾಣಿ ಎಂಬ ಹೆಸರು ಈಗ ಅದಕ್ಕೆ ಒಪ್ಪುವುದಿಲ್ಲ, ಕೈಕಾಲು ಕಡ್ಡಿಯಾಗಿವೆ.

ಮೊನ್ನೆ ಗೇಟು ದಾಟಿ ಹೋಗಿಬಿಟ್ಟಿತ್ತು. ಸಂತೆಬೀದಿಯಲ್ಲಿ ಮುಖದ ಮೇಲೆ ಬಟ್ಟೆ ಎಳೆದುಕೊಂಡಿದ್ದ ಒಬ್ಬ ಹೆಂಗಸಿನ ಹಿಂದೆಯೇ ಹೋಗಿ, ಬಟ್ಟೆ ಹಿಡಿದು ಜಗ್ಗಿತಂತೆ. ಆ ಹೆಂಗಸು ಹಲ್ಲುನೋವಿಗೆ ಮುಖ ಕಟ್ಟಿಕೊಂಡಿದ್ದವಳು, ಕಪಾಳಕ್ಕೆ ಒಂದು ಕೊಟ್ಟಳಂತೆ. ಗುಂಡಿಯಣ್ಣ ಕಂಡು ಹೆಗಲ ಮೇಲೆ ಹೊತ್ತು ತಂದ. “ಭಾರವೇ ಇಲ್ಲಮ್ಮಾ” ಅಂದ. ಅವನು ಭಾರ ಹೊತ್ತೇ ಬದುಕಿದವನು.

ಮಕ್ಕಳ ಮನೆಯ ಕಮಿಟಿ ಸೇರಿ ಮಾತಾಡಿದ್ದಾರೆ. ಇದೊಂದರಿಂದ ಉಳಿದವೂ ಕೆಡುತ್ತಿವೆಯಂತೆ. ಮೇ ತಿಂಗಳು ಮುಗಿಯುವುದರೊಳಗೆ ಸರಿಹೋಗದಿದ್ದರೆ ತಲೆ ಬೋಳಿಸಿ, ಬುದ್ಧಿ ನೆಟ್ಟಗಿಲ್ಲದ ಮಕ್ಕಳನ್ನಿಡುವ ಮನೆಗೆ ಕಳಿಸುತ್ತಾರಂತೆ, ಎಲ್ಲೋ ದೂರ. ಅದರ ಬುದ್ಧಿ ನೆಟ್ಟಗೇ ಇದೆ ಅಕ್ಕಾ. ಈ ಊರಿನಲ್ಲಿ ಅದೊಂದರ ಕಣ್ಣು ಮಾತ್ರ ನೆಟ್ಟಗಿದೆ. ಅದನ್ನು ಕಮಿಟಿಯವರಿಗೆ ಹೇಳಲು ನನಗೆ ಬಾಯಿಲ್ಲ. ಹೋದೆ, ಬಾಗಿಲ ಹೊರಗೆ ನಿಂತೆ, ಒಳಗೆ ಕುರ್ಚಿ ಎಳೆಯುವ ಸದ್ದಾಯಿತು, ತಿರುಗಿ ಬಂದೆ.

ನನ್ನಿಂದ ಆದದ್ದು. ಏನು ಮಾಡಲಿ? ಮಣ್ಣು ತೆಗೆಸಿ ತೋರಿಸಲೇ? ಹುಚ್ಚು ಹಿಡಿದವಳ ಹಾಗೆ ಗುಂಡಿಯಣ್ಣನ ಹತ್ತಿರ ಅದನ್ನೂ ಕೇಳಿದೆ.

“ಮುಚ್ಚಿದ್ದನ್ನ ತೆಗೆಯೋ ಕಸುಬು ನಂದಲ್ಲಮ್ಮಾ” ಎಂದ. ಆಮೇಲೆ ದನಿ ಇಳಿಸಿ, “ಅಲ್ಲಿ ಈಗ ಯಾರ ಮುಖಾನೂ ಇರಲ್ಲ” ಎಂದ.

ಅವಳು ಈಗ ಮನೆಯೊಳಗೂ ಬರುತ್ತಾಳೆ. ಆ ಸಮಗೆನ್ನೆಯವಳು. ಕನ್ನಡಿ ಒರೆಸುವಾಗ ನನ್ನ ಹೆಗಲ ಹಿಂದೆ ನಿಂತಿದ್ದಳು. ಏನೂ ಮಾಡುವುದಿಲ್ಲ, ಕಣ್ಣು ಮುಚ್ಚಿಕೊಂಡು ನಿಂತಿರುತ್ತಾಳೆ, ನಾನು ಮುಚ್ಚಿಸಿದ ಹಾಗೆಯೇ. ಕನ್ನಡಿಗೆ ಬಟ್ಟೆ ಹೊದಿಸಿದ್ದೇನೆ.

ಬೇಗ ಬರೆ. ಬಯ್ದೇ ಬರೆ.

ನಿನ್ನ ತಂಗಿ


ಮೇ ೩

ತಂಗೀ,

ಎರಡು ಸಲ ಓದಿದೆ. ನನಗೆ ಇಲ್ಲಿಂದ ಏನೂ ತೋಚುವುದಿಲ್ಲ. ಒಂದು ಮಾತ್ರ ಕೇಳುತ್ತೇನೆ.

ಇಷ್ಟು ಉದ್ದ ಉದ್ದ ಬರೆದೆ. ಮೇಣ ಹೇಗೆ ನಾದಿದೆ, ರೆಪ್ಪೆ ಹೇಗೆ ಕಟ್ಟಿದೆ ಎಲ್ಲ ಬರೆದೆ. ಆ ಅಜ್ಜಿ ನಕ್ಕರೆ ಹೇಗೆ ಕಾಣುತ್ತಿದ್ದಳು ಎಂದು ಎಲ್ಲೂ ಬರೆದಿಲ್ಲ. ನಾನು ಅವಳನ್ನು ನೋಡಿದವಳಲ್ಲ. ನೀನು ಬರೆದದ್ದನ್ನು ಓದಿದರೂ ನನಗೆ ಅವಳು ಕಾಣುತ್ತಿಲ್ಲ. ನಿನಗಾದರೂ ಕಾಣುತ್ತಾಳೆಯೇ?

ಹೊಟ್ಟೆಗೆ ತಿನ್ನು. ಕನ್ನಡಿಯ ಬಟ್ಟೆ ತೆಗೆ.

ಅಕ್ಕ


ಮೇ ೧೧

ಅಕ್ಕಾ,

ಕಾಣುವುದಿಲ್ಲ.

ನಿನ್ನ ಕಾಗದ ಓದಿ ಕಣ್ಣು ಮುಚ್ಚಿ ಕೂತೆ. ಬರುವುದು ಆ ಇನ್ನೊಬ್ಬಳೇ. ಎಡಗೆನ್ನೆ ಸುಟ್ಟಿತ್ತು ಎಂಬ ಮಾತು ನೆನಪಿದೆ, ಸುಟ್ಟ ಕೆನ್ನೆ ನೆನಪಿಲ್ಲ. ಗೆರೆಗಳು ಮೇಲಿನಿಂದ ಇಳಿದಿದ್ದವೋ, ಬಾಯಿಯಿಂದ ಏರಿದ್ದವೋ? ಕಿವಿಯ ತುದಿ ಇತ್ತೋ ಇಲ್ಲವೋ? ಈ ಕೈಯಲ್ಲೇ ತೊಳೆದೆ, ಈ ಕೈಯಲ್ಲೇ ತುಂಬಿದೆ. ತೊಳೆಯುವಾಗಲೇ ಮುಚ್ಚುವುದನ್ನು ಯೋಚಿಸುತ್ತಿದ್ದೆ ಅಂತ ಕಾಣುತ್ತದೆ, ಹಾಗಾಗಿ ನೋಡಲೇ ಇಲ್ಲ.

ಊರಿನಲ್ಲಿ ಕೇಳಿಕೊಂಡು ಓಡಾಡಿದೆ. ಪಾದ್ರಿಯವರ ಹೆಂಡತಿ, “ಬಲಗೆನ್ನೆ ಅಲ್ವಾ?” ಎಂದರು. ಪಾದ್ರಿಯವರು, “ಅವಳ ದನಿ ಚೆನ್ನಾಗಿ ನೆನಪಿದೆ” ಎಂದು ತಲೆ ತಗ್ಗಿಸಿದರು. ವಾರ್ಡನಮ್ಮ ಒಂದೇ ಸೂರಿನ ಕೆಳಗೆ ಇದ್ದವರು. ಅವರು, “ನಾನು ಮಾತಾಡಿಸುವಾಗ ಅವಳ ಕೈಯಲ್ಲಿರೋ ಬಾಚಣಿಗೆ ನೋಡ್ತಾ ಇದ್ದೆ” ಎಂದರು. ಗುಂಡಿಯಣ್ಣ, “ನಾನು ಬಗ್ಗಿ ಕೆಲಸ ಮಾಡೋನು, ಕಾಲು ಬಿಟ್ಟು ಯಾರದ್ದೂ ಮೇಲೆ ನೋಡಿಲ್ಲ. ಪಾದ ಬೇಕಾದ್ರೆ ಹೇಳ್ತೀನಿ” ಎಂದ.

ಇಷ್ಟು ವರ್ಷ ನಮ್ಮ ಜೊತೆ ಹಾಡಿದಳು, ರೊಟ್ಟಿ ಮುರಿದಳು, ಪ್ರಾರ್ಥನೆಗೆ ಮಂಡಿ ಊರಿದಳು. ಅವಳ ಒಳ್ಳೆಯತನದ ಬಗ್ಗೆ ಕೇಳಿದರೆ ಒಬ್ಬೊಬ್ಬರೂ ಗಂಟೆಗಟ್ಟಲೆ ಹೇಳುತ್ತಾರೆ. ಮುಖ ಒಬ್ಬರಿಗೂ ಗೊತ್ತಿಲ್ಲ. ಹೊರಗನ್ನು ನೋಡಬಾರದು ಎಂದು ಕಲಿತವರು ನಾವು, ಆ ಕಲಿತ ಮಾತನ್ನೇ ಹೊದಿಕೆ ಮಾಡಿ ಅವಳ ಮೇಲೆ ಎಳೆದುಬಿಟ್ಟೆವಾ ಅಕ್ಕಾ? ನನಗೆ ಇಂಥ ಮಾತು ಬರೆಯಲು ಬರುವುದಿಲ್ಲ. ತಪ್ಪಿದ್ದರೆ ಹೊಡೆದು ಹಾಕು.

ಗೊತ್ತಿರುವುದು ಒಂದೇ ಒಂದು ಜೀವಕ್ಕೆ. ಅದರ ಹತ್ತಿರ ಹೋಗಿ, ನನಗೆ ಗೊತ್ತಿಲ್ಲ, ನೀನು ಹೇಳಿಕೊಡು ಎಂದು ಕೇಳಬೇಕು ಅನಿಸುತ್ತಿದೆ. ಕೇಳಿ ಏನು ಮಾಡುತ್ತೇನೆ ಎಂಬುದನ್ನು ಈಗ ಬರೆಯುವುದಿಲ್ಲ. ಬರೆದರೆ ನೀನು ಬೇಡ ಅನ್ನುತ್ತೀಯ. ಬೇಡ ಅಂದರೆ ನಾನು ನಿಲ್ಲಿಸಿಬಿಡುತ್ತೇನೆ.

ತಂಗಿ


ಮೇ ೨೮

ಅಕ್ಕಾ,

ನೀನು ಓದುವಾಗ ಮಧ್ಯದಲ್ಲಿ ಹೆದರಬಾರದು, ಅದಕ್ಕೆ ಮೊದಲೇ ಹೇಳುತ್ತೇನೆ. ಬಟಾಣಿಯನ್ನು ಕಳಿಸುತ್ತಿಲ್ಲ. ನಿನ್ನೆ ತಲೆಗೆ ಎಣ್ಣೆ ಹಾಕಿಸಿಕೊಂಡಿತು. ಹಿಂಬಾಗಿಲಿಗೆ ಚಿಲಕ ಬಿದ್ದಿದೆ.

ಹೋದ ಶನಿವಾರ ಮಧ್ಯಾಹ್ನ ವಾರ್ಡನಮ್ಮ ಅದನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ಅವರಿಗೆ ಎಲ್ಲ ಹೇಳಿದ್ದೆ. ಮೊದಲು ಬಯ್ದರು, ಆಮೇಲೆ “ನನಗೂ ಬೇರೆ ದಾರಿ ಕಾಣ್ತಿಲ್ಲ” ಎಂದರು. ಮಗು ಹೆದರಿದರೆ ಆ ಕ್ಷಣವೇ ಎತ್ತಿಕೊಂಡು ಹೋಗುವುದು ಎಂದು ಮಾತಾಗಿತ್ತು. ಅವರು ಬಾಗಿಲಲ್ಲಿ ನಿಂತರು. ಕೋಣೆ ತೊಳೆದು, ಕಲ್ಲಿಗೆ ಬಿಳಿ ಬಟ್ಟೆ ಹಾಸಿ, ಕಿಟಕಿ ತೆಗೆದಿಟ್ಟಿದ್ದೆ. ಬಿಸಿಲು ಒಳಗೆ ಬಂದಿತ್ತು.

ನಾನು ಸ್ಟೂಲಿನ ಮೇಲೆ ಕೂತು ಮೇಣದ ಡಬ್ಬಿಯನ್ನು ಅದರ ಮುಂದೆ ಇಟ್ಟೆ.

“ಬಟಾಣಿ, ನಿಮ್ಮಜ್ಜಿ ಮುಖ ನಂಗೆ ಮರೆತುಹೋಗಿದೆ. ಯಾರನ್ನ ಕೇಳಿದ್ರೂ ಗೊತ್ತಿಲ್ಲ ಅಂತಾರೆ. ನೀನು ಹೇಳಿದ ಹಾಗೆ ನನ್ನ ಮುಖಕ್ಕೆ ಮಾಡ್ತೀನಿ. ಹೇಳ್ತೀಯಾ?”

“ಯಾಕೆ?”

“ನಂಗೂ ನೋಡಬೇಕು.”

ಅದು ಸ್ವಲ್ಪ ಹೊತ್ತು ಡಬ್ಬಿ ನೋಡಿತು, ನನ್ನನ್ನು ನೋಡಿತು. “ನಿಮ್ಮ ಮುಖ ತುಂಬ ಖಾಲಿ ಇದೆ” ಎಂದಿತು. ಬಾಗಿಲಲ್ಲಿ ವಾರ್ಡನಮ್ಮ ಕೆಮ್ಮಿದರು.

ಮೇಣ ನಾದಿ ಕೆನ್ನೆಗೆ ಹಚ್ಚಿದೆ. ಅಲ್ಲ, ಇನ್ನೂ ಕೆಳಗೆ, ಎಂದಿತು. ಇಲ್ಲಿ ಮೂರು ದಾರಿ ಇದೆ, ಮಧ್ಯದ್ದು ಬಾಯಿಗೆ ಹೋಗುತ್ತೆ. ಇಲ್ಲಿ ಮೆತ್ತಗೆ ಇರುತ್ತೆ, ಇಲ್ಲಿ ಗಟ್ಟಿ. ಕಿವಿ ಹೀಗೆ ಮಡಿಚಿದೆ, ಅದರೊಳಗೆ ನಾವು ಗುಟ್ಟು ಹೇಳೋದು. ಹೇಳುತ್ತ ಹೇಳುತ್ತ ತಾಳ್ಮೆ ಸಾಲದೆ ತಾನೇ ಕೈ ಹಾಕಿತು. ಅದರ ಬೆರಳು ಮೇಣದ ಮೇಲೆ ಓಡಿದ ರೀತಿ ನೋಡಬೇಕಿತ್ತು ಅಕ್ಕಾ, ಕತ್ತಲಲ್ಲಿ ಮನೆಯ ಮೆಟ್ಟಿಲು ಇಳಿಯುವವರ ಕಾಲಿನ ಹಾಗೆ, ಎಲ್ಲೂ ತಡವರಿಸಲಿಲ್ಲ. ಬಾಯಿಯ ಅಂಚನ್ನು ಸ್ವಲ್ಪ ಮೇಲಕ್ಕೆ ಎಳೆದು ಒತ್ತಿತು. “ಅಜ್ಜಿ ಬಯ್ಯುವಾಗಲೂ ಇಲ್ಲಿ ನಗ್ತಾ ಇರ್ತಾಳೆ. ಅದಕ್ಕೆ ನಮಗೆ ಹೆದರಿಕೆ ಆಗಲ್ಲ” ಎಂದಿತು. ನೀನು ಕೇಳಿದ್ದೆಯಲ್ಲ, ನಕ್ಕರೆ ಹೇಗಿದ್ದಳು ಎಂದು.

ಆಮೇಲೆ ಅದು ಹಿಂದೆ ಸರಿಯಿತು. ನನ್ನನ್ನೇ ನೋಡುತ್ತ ನಿಂತಿತು. ಹೊರಗೆ ಗುಂಡಿಯಣ್ಣನ ಸನಿಕೆ ಸದ್ದು ಬರುತ್ತಿತ್ತು, ಅದೂ ನಿಂತಿತು. ತಪ್ಪು ಮಾಡಿದೆ, ಮಗುವಿಗೆ ಏನೋ ಆಗಿಹೋಯಿತು ಎಂದುಕೊಂಡೆ.

“ಮಲಕ್ಕೊ” ಎಂದಿತು. ನನ್ನ ಜೊತೆ ಅಲ್ಲಿಯವರೆಗೂ ಬಹುವಚನದಲ್ಲಿ ಮಾತಾಡುತ್ತಿದ್ದ ಮಗು.

ಇಷ್ಟು ವರ್ಷ ಎಷ್ಟು ಜನರನ್ನು ಮಲಗಿಸಿದ ಕಲ್ಲು ಅದು. ಅದರ ಮೇಲೆ ನಾನು ಮಲಗಿದೆ. ಬಟ್ಟೆ ಹಾಸಿದ್ದರೂ ತಣ್ಣಗಿತ್ತು. ಅಭ್ಯಾಸಕ್ಕೆ ಎರಡೂ ಕಣ್ಣು ಮುಚ್ಚಿದೆ. ಪುಟ್ಟ ಬೆರಳೊಂದು ಎಡಗಣ್ಣಿನ ರೆಪ್ಪೆ ಎತ್ತಿತು.

“ಇದನ್ನ ಮುಚ್ಚಬಾರದು.”

ಹಾಗಾಗಿ ಒಂದು ಕಣ್ಣು ತೆರೆದುಕೊಂಡೇ ಇದ್ದೆ. ನೀರು ಸುರಿಯುತ್ತಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ. ಆ ನೀರಿನೊಳಗಿಂದ ಅದರ ಮುಖ ನನ್ನ ಮೇಲೆ ಬಾಗಿರುವುದು ಕಂಡಿತು. ಅಕ್ಕಾ, ನಮ್ಮ ಅವ್ವ ಹೋದ ಮೇಲೆ ನನ್ನನ್ನು ಯಾರೂ ಹಾಗೆ ನೋಡಿಲ್ಲ. ಅಜ್ಜಿಯನ್ನು ಕಂಬದ ಮರೆಯಲ್ಲಿ ಕೂರಿಸಿ ನಾವು ಮರುಕಪಡುತ್ತಿದ್ದೆವು. ಅವಳು ದಿನಾ ಬೆಳಿಗ್ಗೆ ಹೀಗೆ ನೋಡಿಸಿಕೊಂಡು ಬದುಕಿದವಳು.

“ಪೆಟ್ಟಿಗೇಲಿ ಇದರ ಮೇಲೆ ಏನು ಹಾಕಿದ್ರು?” ಎಂದು ಕೇಳಿತು. ನನ್ನನ್ನಲ್ಲ, ಬಾಗಿಲ ಕಡೆ ತಿರುಗಿ.

“ಇನ್ನಷ್ಟು ಮೇಣ. ಪೌಡರ್” ಎಂದರು ವಾರ್ಡನಮ್ಮ.

“ಅದರ ಒಳಗೆ ಅಜ್ಜೀನೇ ಇದ್ಲಾ?”

“ಹೂಂ ಕಣೇ. ಅಜ್ಜೀನೇ ಇದ್ಲು.”

“ನಾನು ನೋಡಿದಾಗಲೂ?”

“ನೀನು ನೋಡಿದಾಗಲೂ.”

ಅದು ಕಲ್ಲಿನ ಅಂಚಿಗೆ ಹಣೆ ಇಟ್ಟಿತು. “ನಾನು ಅವಳನ್ನ ಬೇರೆಯವರು ಅಂದುಬಿಟ್ಟೆ” ಎಂದಿತು, ತುಂಬ ಸಣ್ಣಗೆ. ಆಮೇಲೆ ಅತ್ತಿತು. ಮಾರ್ಚಿನಿಂದ ಒಳಗೇ ಇಟ್ಟುಕೊಂಡಿದ್ದ ಅಳು. ವಾರ್ಡನಮ್ಮ ಎರಡು ಹೆಜ್ಜೆ ಒಳಗೆ ಬಂದರು, ಮತ್ತೆ ನಿಂತರು. ಎತ್ತಿಕೊಳ್ಳಬೇಕು ಎಂದು ನನ್ನ ಕೈ ತುಡಿಯಿತು. ಆದರೆ ಸತ್ತವರ ಕೈಗೆ ಆ ಹಕ್ಕಿಲ್ಲ. ಸುಮ್ಮನೆ ಮಲಗಿದ್ದೆ. ನಮ್ಮ ಕಸುಬಿನಲ್ಲಿ ಇಂಥದ್ದನ್ನು ಎಷ್ಟು ಸಲ ಪಕ್ಕದಲ್ಲಿ ನಿಂತು ಕೇಳಿದ್ದೇವೆ. ಕೆಳಗೆ ಮಲಗಿ ಕೇಳಿದರೆ ಅದು ಬೇರೆ.

ಅಳು ಇಳಿದ ಮೇಲೆ ನನ್ನ ತಲೆಯ ಹತ್ತಿರ ಬಂತು. ಶೆಲ್ಫಿನಿಂದ ಬಾಚಣಿಗೆ ಕೇಳಿ ಇಸಿದುಕೊಂಡು ನನ್ನ ಕೂದಲು ಬಿಚ್ಚಿ ಬಾಚಿತು. ಸಿಕ್ಕು ಸಿಕ್ಕ ಕಡೆ ಬುಡ ಹಿಡಿದುಕೊಂಡು ಬಿಡಿಸಿತು, ನೋಯದ ಹಾಗೆ. ಯಾರೋ ಕಲಿಸಿದ ಕೈ. ಬಾಚಿ ಮುಗಿಸಿ, ತಾನೇ ಒತ್ತಿ ಮಾಡಿದ್ದ ಆ ಮಡಿಚಿದ ಕಿವಿಯೊಳಗೆ ಬಾಯಿಟ್ಟು ಏನೋ ಹೇಳಿತು. ಅದನ್ನು ನಿನಗೂ ಬರೆಯುವುದಿಲ್ಲ. ನನಗೆ ಹೇಳಿದ್ದಲ್ಲ ಅದು.

ಆಮೇಲೆ ಅದರ ದಿನದ ಪ್ರಾರ್ಥನೆ ಹೇಳಿತು. ಕೊನೆಗೆ, “ಈಗ ಹೋಗು ಅಜ್ಜೀ” ಎಂದಿತು. ವಾರ್ಡನಮ್ಮನ ಕೈ ಹಿಡಿದು, “ನಂಗೆ ಹಸಿವಾಗ್ತಿದೆ” ಎಂದಿತು. ಬಾಗಿಲು ಮುಚ್ಚಿಕೊಂಡಿತು.

ಆ ಸಮಗೆನ್ನೆಯವಳು ಅವತ್ತು ಬರಲಿಲ್ಲ. ಆಮೇಲೂ ಬಂದಿಲ್ಲ. ನಾನು ಕಾಯುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಸಂಜೆ ಹೊತ್ತು ಕಿಟಕಿಯ ಗಾಜು ಕಪ್ಪಾದಾಗ ಒಮ್ಮೆ ನೋಡುತ್ತೇನೆ. ಪಾದ್ರಿಯವರಿಗೆ ಹೇಳಿದ್ದೇನೆ, ಇನ್ನು ಮೇಲೆ ಮುಖಕ್ಕೆ ಕೈ ಹಾಕುವ ಮೊದಲು ಮನೆಯ ಮಕ್ಕಳನ್ನು ಕೇಳುತ್ತೇನೆ ಎಂದು. ಅವರು ಆಗಲಿ ಎಂದರು. ಡಬ್ಬಿ ಎಸೆದಿಲ್ಲ. ನೀನು ಎಸಿ ಅನ್ನುತ್ತೀಯ, ಗೊತ್ತು.

ನಿನಗೆ ಹೇಳಲು ಉಳಿದಿರುವುದು ಇಷ್ಟೇ. ಬಾಗಿಲು ಮುಚ್ಚಿದ ಮೇಲೂ ನಾನು ಏಳಲಿಲ್ಲ. ಬೆನ್ನು ಮರಗಟ್ಟಿತ್ತು, ಕಣ್ಣು ಉರಿಯುತ್ತಿತ್ತು, ಮೇಣ ಬಿಸಿಲಿಗೆ ಮೆತ್ತಗಾಗಿ ಕುತ್ತಿಗೆಗೆ ಇಳಿಯುತ್ತಿತ್ತು. ಆದರೂ ಏಳಲು ಧೈರ್ಯ ಬರಲಿಲ್ಲ. ಮಗು ಏನನ್ನಾದರೂ ಮರೆತು ತಿರುಗಿ ಬಂದರೆ? ಕಿಟಕಿಯಲ್ಲಿ ಇಣುಕಿದರೆ? ಅಷ್ಟು ಕಷ್ಟಪಟ್ಟು ಕಳಿಸಿಕೊಟ್ಟ ಅಜ್ಜಿ ಎದ್ದು ಕೂತು ಕೂದಲು ಕಟ್ಟಿಕೊಳ್ಳುವುದನ್ನು ಅದು ನೋಡಬಾರದು. ಎಬ್ಬಿಸುವ ಕೆಲಸ ಇನ್ನೊಬ್ಬನದು, ಅವನು ಬರುವ ದಿನ ಬೇರೆ. ಮಕ್ಕಳ ಮನೆಯಲ್ಲಿ ತಟ್ಟೆಗಳ ಸದ್ದು ಶುರುವಾಗಿ, ಅದೂ ಮುಗಿದು, ಅಂಗಳದಲ್ಲಿ ಬಟಾಣಿ ಯಾರ ಮೇಲೋ ರೇಗುತ್ತಿರುವುದು ಕೇಳಿಸುವವರೆಗೆ ಅದು ನನ್ನನ್ನು ಹೇಗೆ ಮಲಗಿಸಿತ್ತೋ ಹಾಗೆಯೇ ಮಲಗಿದ್ದೆ.

ನಿನ್ನ
ತಂಗಿ